ಅಚ್ಚಿನ ಮನೆ ಮತ್ತು ಬೆಳೆಯುವ ಮನೆ: ನಗರದ ಕಿರುವಸತಿ ವಿನ್ಯಾಸದಲ್ಲಿ ಘಟಕದ ಪರಿಕಲ್ಪನೆ

1

ನಗರದಲ್ಲಿ ನೆಲೆ ಅರಸುವವರಿಗೆ ಕೈಗೆಟಕುವ ಬೆಲೆಯಲ್ಲಿ ಮನೆ ಒದಗಿಸುವುದು ಹೇಗೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪ ನೀಡಿದ ಉತ್ತರಗಳಲ್ಲಿ ಒಂದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮನೆಯ ಅಳತೆಯನ್ನು ಸಾಧ್ಯವಾದಷ್ಟು ಕಿರಿದಾಗಿಸುವುದು, ಹಾಗೆ ಕಿರಿದಾದ ಮನೆಯನ್ನು ಒಂದು ಘಟಕವೆಂದು ಬಗೆದು ಕಾರ್ಖಾನೆಯಲ್ಲಿ ತಯಾರಿಸುವುದು, ಅಂತಹ ಘಟಕಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಡವನ್ನು ನಿಲ್ಲಿಸುವುದು ಆ ಉತ್ತರದ ಸಾರ. ಕಾಲ, ಕೂಲಿ, ಸಾಮಗ್ರಿ ಈ ಮೂರರಲ್ಲೂ ಉಳಿತಾಯವಾಗುವುದರಿಂದ ಮನೆ ಅಗ್ಗವಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಘಟಕ ಹಳತಾದರೆ ಅದನ್ನು ಕಳಚಿ ಹೊಸದನ್ನು ಕೂಡಿಸಬಹುದಾದ್ದರಿಂದ ಕಟ್ಟಡಕ್ಕೆ ಮುಪ್ಪಿಲ್ಲ ಎಂಬುದು ಅದಕ್ಕೆ ಸೇರಿಕೊಂಡ ಎರಡನೆಯ ಭರವಸೆ.

ಈ ಎರಡೂ ಭರವಸೆಗಳು ಎಷ್ಟರಮಟ್ಟಿಗೆ ಈಡೇರಿವೆ ಎಂಬುದನ್ನು ಕೆಲವು ಪ್ರಮುಖ ನಿರ್ಮಿತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಿರುವಸತಿಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಒಳಾಂಗಣದ ಜಾಣ್ಮೆಗೆ ಸೀಮಿತವಾಗಿಬಿಡುತ್ತವೆ. ಗೋಡೆಯೊಳಗೆ ಮಡಚಿಕೊಳ್ಳುವ ಮಂಚ, ಮೇಜಾಗುವ ಕಪಾಟು, ಒಂದೇ ಅಚ್ಚಿನಲ್ಲಿ ಎರಕಗೊಂಡ ಸ್ನಾನಗೃಹ ಇವು ಮೆಚ್ಚುಗೆಗೆ ಪಾತ್ರವಾಗುತ್ತವೆ. ಆದರೆ ಮನೆಯ ಬೆಲೆಯನ್ನೂ ಬಾಳಿಕೆಯನ್ನೂ ನಿರ್ಧರಿಸುವ ಅಂಶಗಳು ಬಹುಮಟ್ಟಿಗೆ ಘಟಕದ ಹೊರಗಿರುತ್ತವೆ. ನೆಲ ಯಾರದು, ದುರಸ್ತಿಯ ಹೊಣೆ ಯಾರದು, ಬದಲಾವಣೆಯ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳಿಗೆ ವಿನ್ಯಾಸವು ಕೊಡುವ ಉತ್ತರವೇ ಅದರ ನಿಜವಾದ ಮೌಲ್ಯಮಾಪನಕ್ಕೆ ಆಧಾರವಾಗಬೇಕು. ವಾಸ್ತುಶಿಲ್ಪಿ ಯಾವುದನ್ನು ಘಟಕವೆಂದು ಆಯ್ದುಕೊಳ್ಳುತ್ತಾನೆ ಎಂಬುದರಲ್ಲಿಯೇ ಈ ಉತ್ತರ ಅಡಗಿರುತ್ತದೆ.

2

ಕಿರುವಸತಿಯ ಚಿಂತನೆಗೆ ಶಾಸ್ತ್ರೀಯ ಸ್ವರೂಪ ದೊರೆತದ್ದು ಮೊದಲ ಮಹಾಯುದ್ಧದ ನಂತರದ ಜರ್ಮನಿಯಲ್ಲಿ. ವಸತಿಯ ತೀವ್ರ ಅಭಾವವಿದ್ದ ಫ್ರಾಂಕ್‌ಫರ್ಟ್ ನಗರದಲ್ಲಿ ಅರ್ನ್‌ಸ್ಟ್ ಮೇ ಅವರ ನೇತೃತ್ವದಲ್ಲಿ 1925ರಿಂದ 1930ರ ಅವಧಿಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮನೆಗಳು ನಿರ್ಮಾಣಗೊಂಡವು. ಅವುಗಳಿಗಾಗಿ ಮಾರ್ಗರೆಟ್ ಶ್ಯೂಟ್ಟೆ-ಲಿಹೋಟ್ಸ್ಕಿ 1926ರಲ್ಲಿ ರೂಪಿಸಿದ ಅಡುಗೆಮನೆಯ ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಅಡುಗೆ ಮಾಡುವವರ ಹೆಜ್ಜೆ ಹಾಗೂ ಕೈಚಲನೆಗಳನ್ನು ಲೆಕ್ಕಹಾಕಿ ಸಿದ್ಧಪಡಿಸಿದ ಈ ವಿನ್ಯಾಸ ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿ ಮನೆಗಳಲ್ಲಿ ಅಳವಡಿಕೆಯಾಯಿತು. ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಂಘಟನೆ 1929ರಲ್ಲಿ ತನ್ನ ಎರಡನೆಯ ಸಮಾವೇಶವನ್ನು ಇದೇ ನಗರದಲ್ಲಿ ಸೇರಿಸಿ, ಬದುಕಿಗೆ ಬೇಕಾದ ಕನಿಷ್ಠ ವಸತಿ ಯಾವುದು ಎಂಬುದನ್ನೇ ಚರ್ಚೆಯ ವಿಷಯವಾಗಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಫ್ರಾಂಕ್‌ಫರ್ಟಿನ ಮನೆ ಕಿರಿದಾಗಿತ್ತು ನಿಜ; ಆದರೆ ಅದರ ನೆಲದ ವ್ಯವಸ್ಥೆ ಮಾಡಿದ್ದು ನಗರಾಡಳಿತ, ಹಣದ ಬೆಂಬಲ ಸಾರ್ವಜನಿಕವಾದದ್ದು, ಮನೆಗಳ ಸುತ್ತ ಕೈತೋಟವೂ ಬಯಲೂ ಇದ್ದವು. ಅಡುಗೆಮನೆಯ ಮಿತವ್ಯಯ ಈ ಇಡೀ ಏರ್ಪಾಡಿನ ಒಂದು ಅಂಗ ಮಾತ್ರವಾಗಿತ್ತು. ಮುಂದಿನ ಪೀಳಿಗೆಗಳು ಆ ಏರ್ಪಾಡನ್ನು ಬಿಟ್ಟು ಅಳತೆಯನ್ನಷ್ಟೇ ಎತ್ತಿಕೊಂಡಾಗ ಕಿರುವಸತಿಯ ಅರ್ಥವೇ ಬದಲಾಯಿತು.

3

ಟೋಕಿಯೋ ನಗರದ ಗಿನ್ಜಾ ಪ್ರದೇಶದಲ್ಲಿ 1972ರಲ್ಲಿ ಪೂರ್ಣಗೊಂಡ ನಕಗಿನ್ ಕ್ಯಾಪ್ಸೂಲ್ ಗೋಪುರ ಈ ಬದಲಾವಣೆಯ ಅತ್ಯಂತ ಸ್ಪಷ್ಟ ನಿದರ್ಶನ. ಅದರ ಶಿಲ್ಪಿ ಕಿಶೋ ಕುರೊಕಾವಾ (1934-2007) ಜಪಾನಿನ 'ಮೆಟಬಾಲಿಸಂ' ಪಂಥದ ಪ್ರಮುಖರಲ್ಲೊಬ್ಬರು. ನಗರವನ್ನು ಜೀವಿಯಂತೆ ಪರಿಭಾವಿಸಿ, ಜೀವಕೋಶಗಳು ಸತ್ತು ಹುಟ್ಟುವಂತೆ ಕಟ್ಟಡದ ಭಾಗಗಳೂ ಕಾಲಕಾಲಕ್ಕೆ ಬದಲಾಗಬೇಕೆಂದು 1960ರಲ್ಲಿ ಪ್ರಣಾಳಿಕೆ ಹೊರಡಿಸಿದ ಪಂಥವಿದು. ಹನ್ನೊಂದು ಮತ್ತು ಹದಿಮೂರು ಅಂತಸ್ತುಗಳ ಎರಡು ಕಾಂಕ್ರೀಟ್ ಗೋಪುರಗಳಿಗೆ 140 ಉಕ್ಕಿನ ಪೆಟ್ಟಿಗೆಗಳನ್ನು ತಲಾ ನಾಲ್ಕು ಬೋಲ್ಟುಗಳಿಂದ ಬಿಗಿದು ಈ ಕಟ್ಟಡವನ್ನು ರೂಪಿಸಲಾಗಿತ್ತು. ಮಂಚ, ಮೇಜು, ದೂರವಾಣಿ, ಸ್ನಾನಗೃಹಗಳೆಲ್ಲ ಕಾರ್ಖಾನೆಯಲ್ಲಿಯೇ ಅಳವಟ್ಟಿದ್ದವು. ಹೊರಜಗತ್ತಿಗೆ ತೆರೆದುಕೊಳ್ಳಲು ಒಂದು ದುಂಡು ಕಿಟಕಿಯಿತ್ತು. ಅಡುಗೆಮನೆ ಇರಲಿಲ್ಲ.

ಪ್ರತಿ ಪೆಟ್ಟಿಗೆಯ ಒಳ ಅಳತೆ ಸುಮಾರು 2.3 ಮೀಟರ್ ಅಗಲ, 3.8 ಮೀಟರ್ ಉದ್ದ, 2.1 ಮೀಟರ್ ಎತ್ತರ. ಅಂದರೆ ಸ್ನಾನಗೃಹವೂ ಸೇರಿ ಒಟ್ಟು ನೆಲಹರವು ಒಂಬತ್ತು ಚದರ ಮೀಟರಿಗಿಂತ ಕಡಿಮೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಸಾಮಾನ್ಯ ವಸತಿಗಳಲ್ಲಿ ವಾಸಯೋಗ್ಯ ಕೋಣೆಯೊಂದಕ್ಕೆ ಗೊತ್ತುಪಡಿಸಿದ ಕನಿಷ್ಠ ಮಾನ 9.5 ಚದರ ಮೀಟರ್ ಹರವು, 2.4 ಮೀಟರ್ ಅಗಲ, 2.75 ಮೀಟರ್ ಎತ್ತರ. ಈ ಮೂರು ಮಾನಗಳಲ್ಲಿ ಯಾವುದನ್ನೂ ಕ್ಯಾಪ್ಸೂಲ್ ಮುಟ್ಟುವುದಿಲ್ಲ. ಕ್ಯಾಪ್ಸೂಲ್ ಸಂಸಾರಕ್ಕಾಗಿ ರೂಪಿತವಾದ ಮನೆಯೂ ಅಲ್ಲ. ದೂರದ ಉಪನಗರದಲ್ಲಿ ಮನೆಯಿದ್ದು, ಕೆಲಸದ ದಿನಗಳಲ್ಲಿ ನಗರದಲ್ಲಿ ತಂಗಬೇಕಾದ ವ್ಯವಹಾರಸ್ಥರನ್ನು ಉದ್ದೇಶಿಸಿ ಅದನ್ನು ಮಾರಲಾಯಿತು. ಬಡವರ ವಸತಿಯ ಮಾದರಿಯೆಂದು ಇದನ್ನು ಉಲ್ಲೇಖಿಸುವ ಬರಹಗಳು ಈ ಮೂಲ ಸಂದರ್ಭವನ್ನು ಮರೆಯುತ್ತವೆ.

ಇಪ್ಪತ್ತೈದು ವರ್ಷಗಳಿಗೊಮ್ಮೆ ಪೆಟ್ಟಿಗೆಗಳನ್ನು ಬದಲಿಸಬೇಕೆಂಬುದು ಕುರೊಕಾವಾ ಅವರ ಯೋಜನೆಯಾಗಿತ್ತು. ಐವತ್ತು ವರ್ಷಗಳ ಅವಧಿಯಲ್ಲಿ ಒಂದೇ ಒಂದು ಪೆಟ್ಟಿಗೆಯೂ ಬದಲಾಗಲಿಲ್ಲ. ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ರಚನೆಗೆ ಸಂಬಂಧಿಸಿದ್ದು. ಪೆಟ್ಟಿಗೆಗಳು ಒಂದಕ್ಕೊಂದು ಅತಿ ಸಮೀಪದಲ್ಲಿದ್ದುದರಿಂದ ಕೆಳಗಿನದನ್ನು ಹೊರತೆಗೆಯಬೇಕಾದರೆ ಮೇಲಿನವುಗಳನ್ನು ಮೊದಲು ಇಳಿಸಬೇಕಾಗಿತ್ತು. ಕಾಗದದ ಮೇಲೆ ಬಿಡಿಯಾಗಿದ್ದ ಘಟಕ ಕಟ್ಟಡದಲ್ಲಿ ಬಿಡಿಯಾಗಿರಲಿಲ್ಲ. ಎರಡನೆಯದು ಒಡೆತನಕ್ಕೆ ಸಂಬಂಧಿಸಿದ್ದು. ಪ್ರತಿ ಪೆಟ್ಟಿಗೆ ಬೇರೆ ಬೇರೆ ಒಡೆಯರಿಗೆ ಸೇರಿತ್ತು. ಎಲ್ಲರೂ ಒಂದೇ ಸಮಯದಲ್ಲಿ ಹಣ ಹೂಡಲು ಒಪ್ಪದೆ ಬದಲಾವಣೆ ಅಸಾಧ್ಯವಾಗಿತ್ತು. ಮೂರನೆಯದು ನೆಲಕ್ಕೆ ಸಂಬಂಧಿಸಿದ್ದು. ಗಿನ್ಜಾದಂತಹ ಪ್ರದೇಶದಲ್ಲಿ ಪೆಟ್ಟಿಗೆಗಳ ಮೌಲ್ಯ ಕುಸಿಯುತ್ತ ಹೋದಂತೆ ನಿವೇಶನದ ಮೌಲ್ಯ ಏರುತ್ತ ಹೋಯಿತು. ಕಟ್ಟಡವನ್ನು ಉಳಿಸುವುದಕ್ಕಿಂತ ಕೆಡವುವುದೇ ಲಾಭದಾಯಕವಾಯಿತು.

ಕಲ್ನಾರಿನ ಬಳಕೆ, ಸೋರುವ ಕೊಳವೆಗಳು, ನಿಂತುಹೋದ ಕೇಂದ್ರೀಯ ಬಿಸಿನೀರಿನ ವ್ಯವಸ್ಥೆ ಮುಂತಾದ ತೊಂದರೆಗಳ ನಡುವೆ 2007ರಲ್ಲಿ ಒಡೆಯರು ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಪರವಾಗಿ ಮತ ನೀಡಿದರು. ಅದೇ ವರ್ಷ ಕುರೊಕಾವಾ ನಿಧನರಾದರು. ಆರ್ಥಿಕ ಹಿಂಜರಿತದಿಂದ ಮುಂದೂಡಿಕೆಯಾದ ಕೆಡವುವಿಕೆ 2022ರ ಏಪ್ರಿಲ್ ತಿಂಗಳಲ್ಲಿ ಆರಂಭವಾಯಿತು. ಉಳಿಸಿಕೊಳ್ಳಲಾದ 23 ಪೆಟ್ಟಿಗೆಗಳಲ್ಲಿ ಕೆಲವು ಕಲಾ ಸಂಗ್ರಹಾಲಯಗಳನ್ನು ಸೇರಿದವು. 2025ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅಂತಹ ಒಂದು ಪೆಟ್ಟಿಗೆಯನ್ನು ಕೇಂದ್ರವಾಗಿಸಿ ಪ್ರದರ್ಶನವನ್ನೇ ಏರ್ಪಡಿಸಿತು. ಕ್ಯಾಪ್ಸೂಲಿನ ಕಲ್ಪನೆ ಮನೆಯಾಗಿ ಬಾಳದಿದ್ದರೂ ತಂಗುದಾಣವಾಗಿ ಬಾಳಿತು. ಮೊದಲ ಕ್ಯಾಪ್ಸೂಲ್ ಹೋಟೆಲನ್ನು 1979ರಲ್ಲಿ ಒಸಾಕಾದಲ್ಲಿ ವಿನ್ಯಾಸಗೊಳಿಸಿದವರೂ ಕುರೊಕಾವಾ ಅವರೇ. ಇದು ಆಕಸ್ಮಿಕವಲ್ಲ. ಇಡೀ ಕಟ್ಟಡಕ್ಕೆ ಒಬ್ಬನೇ ಒಡೆಯನಿದ್ದು, ವಾಸಿಸುವವನು ಮರುದಿನ ಹೊರಟುಹೋಗುವಲ್ಲಿ ಮಾತ್ರ ಮುಚ್ಚಿದ ಪೆಟ್ಟಿಗೆಯ ತರ್ಕ ಸುಸೂತ್ರವಾಗಿ ನಡೆಯುತ್ತದೆ.

ಒಡೆತನದ ಪ್ರಶ್ನೆ ಎಷ್ಟು ನಿರ್ಣಾಯಕವೆಂಬುದಕ್ಕೆ ಅದೇ ಒಸಾಕಾ ನಗರದಲ್ಲಿ ಇನ್ನೊಂದು ಪುರಾವೆ ದೊರೆಯುತ್ತದೆ. ಒಸಾಕಾ ಗ್ಯಾಸ್ ಸಂಸ್ಥೆ ಪ್ರಯೋಗಾರ್ಥವಾಗಿ 1993ರಲ್ಲಿ ಪೂರೈಸಿದ 'ನೆಕ್ಸ್ಟ್ 21' ವಸತಿ ಸಮುಚ್ಚಯದಲ್ಲಿ 18 ಮನೆಗಳಿವೆ. ದೀರ್ಘಕಾಲ ಬಾಳುವ ಚೌಕಟ್ಟು ಬೇರೆ, ಅದರೊಳಗಿನ ಗೋಡೆ-ಸಲಕರಣೆಗಳು ಬೇರೆ ಎಂಬ ತತ್ತ್ವದ ಮೇಲೆ ರಚಿತವಾದ ಇದರಲ್ಲಿ ಮನೆಗಳ ಒಳಭಾಗಗಳು ನಿಜವಾಗಿಯೂ ಮತ್ತೆ ಮತ್ತೆ ಮಾರ್ಪಟ್ಟಿವೆ. ಇದು ಕಿರುವಸತಿಯೂ ಅಲ್ಲ, ಅಗ್ಗದ ವಸತಿಯೂ ಅಲ್ಲ. ಆದರೆ ನಕಗಿನ್‌ನಲ್ಲಿ ಸಾಧ್ಯವಾಗದ ಬದಲಾವಣೆ ಇಲ್ಲಿ ಸಾಧ್ಯವಾದದ್ದು ಏಕೆ ಎಂಬುದಕ್ಕೆ ಉತ್ತರ ಸ್ಪಷ್ಟವಾಗಿದೆ. ಇಲ್ಲಿ ಘಟಕಗಳ ನಡುವೆ ಕೆಲಸಕ್ಕೆ ಎಡೆಯಿತ್ತು. ನಿರ್ಧಾರ ಕೈಗೊಳ್ಳಲು ಒಂದೇ ಸಂಸ್ಥೆಯಿತ್ತು.

4

ಕಿರಿದಾಗಿಸಿದರೆ ಮನೆ ತಾನಾಗಿಯೇ ಅಗ್ಗವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ನ್ಯೂಯಾರ್ಕಿನ 'ಕಾರ್ಮೆಲ್ ಪ್ಲೇಸ್' ಸೂಕ್ತ ಉದಾಹರಣೆ. ಏಕವ್ಯಕ್ತಿ ಸಂಸಾರಗಳ ಹೆಚ್ಚಳವನ್ನು ಮನಗಂಡ ನಗರಾಡಳಿತ 2012ರಲ್ಲಿ ಒಂದು ವಿನ್ಯಾಸ ಸ್ಪರ್ಧೆ ಏರ್ಪಡಿಸಿತು. ಅಪಾರ್ಟ್‌ಮೆಂಟ್ ಕನಿಷ್ಠ 400 ಚದರ ಅಡಿ ಇರಬೇಕೆಂಬ ಅಂದಿನ ನಿಯಮವನ್ನು ಈ ಯೋಜನೆಗಾಗಿ ಸಡಿಲಿಸಲಾಯಿತು. ಎನ್‌ಆರ್ಕಿಟೆಕ್ಟ್ಸ್ ಸಂಸ್ಥೆಯ ವಿನ್ಯಾಸದಂತೆ ಬ್ರೂಕ್ಲಿನ್‌ನ ಕಾರ್ಖಾನೆಯಲ್ಲಿ ತಯಾರಾದ ಘಟಕಗಳನ್ನು ಮ್ಯಾನ್‌ಹಟನ್‌ಗೆ ಸಾಗಿಸಿ ಒಂಬತ್ತು ಅಂತಸ್ತುಗಳಾಗಿ ಜೋಡಿಸಲಾಯಿತು. 2016ರಲ್ಲಿ ವಾಸಕ್ಕೆ ತೆರೆದುಕೊಂಡ ಈ ಕಟ್ಟಡದಲ್ಲಿ 260ರಿಂದ 360 ಚದರ ಅಡಿಗಳ 55 ಮನೆಗಳಿವೆ.

ವಿನ್ಯಾಸದ ದೃಷ್ಟಿಯಿಂದ ಇದು ನಕಗಿನ್‌ಗಿಂತ ಬಹಳ ಪ್ರೌಢವಾದ ಕೃತಿ. ನೆಲ ಕಿರಿದಾದುದನ್ನು ಛಾವಣಿಯ ಎತ್ತರದಿಂದಲೂ ದೊಡ್ಡ ಕಿಟಕಿಗಳಿಂದಲೂ ಸರಿದೂಗಿಸಲಾಗಿದೆ. ಪುಟ್ಟದಾದರೂ ಅಡುಗೆಯ ಜಾಗವಿದೆ. ಮನೆಯೊಳಗೆ ಸಿಗದ ಅವಕಾಶವನ್ನು ಸಾಮೂಹಿಕ ಕೋಣೆ ಹಾಗೂ ತಾರಸಿ ಒದಗಿಸುತ್ತವೆ. ಇಷ್ಟಾದರೂ ಬೆಲೆಯ ವಿಚಾರದಲ್ಲಿ ಈ ಕಟ್ಟಡ ಕಲಿಸುವ ಪಾಠ ಬೇರೆಯೇ. 55 ಮನೆಗಳಲ್ಲಿ 22 ಮಾತ್ರ ನಿಯಂತ್ರಿತ ಬಾಡಿಗೆಯವು. ಅವುಗಳಲ್ಲಿ ಎಂಟನ್ನು ಹಿಂದೆ ನಿರಾಶ್ರಿತರಾಗಿದ್ದ ಮಾಜಿ ಸೈನಿಕರಿಗೆ ಮೀಸಲಿಡಲಾಯಿತು. ಉಳಿದವುಗಳ ಬಾಡಿಗೆ ಆರಂಭದಲ್ಲಿಯೇ ತಿಂಗಳಿಗೆ ಎರಡೂವರೆ ಸಾವಿರ ಡಾಲರುಗಳನ್ನು ಮೀರಿತ್ತು. ಒಂದೇ ಕಾರ್ಖಾನೆಯ, ಒಂದೇ ಬಗೆಯ ಘಟಕಗಳು ಒಂದೆಡೆ ಕೈಗೆಟಕುವಂತೆಯೂ ಇನ್ನೊಂದೆಡೆ ಎಟಕದಂತೆಯೂ ಆದದ್ದು ನೆಲವನ್ನು ಒದಗಿಸುವಾಗ ನಗರಾಡಳಿತ ವಿಧಿಸಿದ ಷರತ್ತುಗಳಿಂದಲೇ ಹೊರತು ಅಳತೆಯಿಂದಲ್ಲ. ಅಷ್ಟೇ ಅಲ್ಲ, ಕನಿಷ್ಠ ಅಳತೆಯ ನಿಯಮ ಸಡಿಲವಾದೊಡನೆ ಅದೇ ನೆಲದ ಮೇಲೆ ಹೆಚ್ಚು ಬಾಡಿಗೆದಾರರನ್ನು ಕೂಡಿಸಲು ಅವಕಾಶವಾಗುತ್ತದೆ. ಅಂತಹ ಅವಕಾಶವನ್ನು ಅರಿತ ನೆಲದೊಡೆಯ ನೆಲದ ಬೆಲೆಯನ್ನು ಅದಕ್ಕೆ ತಕ್ಕಂತೆ ಏರಿಸಬಲ್ಲ. ಷರತ್ತಿಲ್ಲದ ಕಿರಿಯಳತೆ ಕಾಲಕ್ರಮದಲ್ಲಿ ಬಾಡಿಗೆದಾರನ ಉಳಿತಾಯವಾಗದೆ ಒಡೆಯನ ಲಾಭವಾಗಿ ಪರಿಣಮಿಸುವ ಸಂಭವವೇ ಹೆಚ್ಚು.

ಮಾಂಟ್ರಿಯಲ್ ನಗರದ 'ಹ್ಯಾಬಿಟಾಟ್ 67' ಕೂಡ ಇದೇ ಸತ್ಯವನ್ನು ಬೇರೊಂದು ರೀತಿಯಲ್ಲಿ ಸಾರುತ್ತದೆ. ಮೋಶೆ ಸಾಫ್ಡಿ 354 ಕಾಂಕ್ರೀಟ್ ಪೆಟ್ಟಿಗೆಗಳನ್ನು ಏರಿಳಿತವಾಗಿ ಜೋಡಿಸಿ ಮೊದಲಿಗೆ 158 ಮನೆಗಳನ್ನು ರಚಿಸಿದರು. ಒಂದು ಮನೆಯ ಛಾವಣಿ ಇನ್ನೊಂದು ಮನೆಯ ಕೈತೋಟವಾಗುವ ಈ ಕಲ್ಪನೆಯ ಸೊಗಸು ಇಂದಿಗೂ ಮಾಸಿಲ್ಲ. ಆದರೆ ಸಾಮಾನ್ಯರ ವಸತಿಗೆ ಅಗ್ಗದ ಮಾರ್ಗವಾಗಬೇಕಿದ್ದ ಅದು ನಿರ್ಮಾಣದಲ್ಲಿಯೂ ದುಬಾರಿಯಾಗಿ, ಅನಂತರ ಉಳ್ಳವರ ವಿಳಾಸವಾಗಿ ಉಳಿಯಿತು. ಕಾರ್ಖಾನೆಯ ಮಿತವ್ಯಯ ದೊರೆಯುವುದು ಘಟಕಗಳು ಬಹುದೊಡ್ಡ ಸಂಖ್ಯೆಯಲ್ಲಿ ನಿರಂತರವಾಗಿ ತಯಾರಾದಾಗ ಮಾತ್ರ. ಒಂದೇ ಕಟ್ಟಡಕ್ಕಾಗಿ ಅಚ್ಚು ಸಿದ್ಧಪಡಿಸಿದರೆ ಅಚ್ಚಿನ ವೆಚ್ಚವೆಲ್ಲ ಆ ಕಟ್ಟಡದ ಮೇಲೆಯೇ ಬೀಳುತ್ತದೆ.

5

ಭಾರತದಲ್ಲಿ ಈ ಚಿಂತನೆಯ ಆರಂಭ ಕರ್ನಾಟಕದೊಂದಿಗೆ ನೇರ ಸಂಬಂಧ ಹೊಂದಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ. ಬರ್ಲಿನ್ನಿನಲ್ಲಿ ಶಿಕ್ಷಣ ಪಡೆದು, ನಾಜಿ ಆಡಳಿತದಿಂದಾಗಿ ದೇಶ ತೊರೆದ ಆಟೋ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ದುಡಿದ ಅವರು ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಬೆಂಗಳೂರಿನಲ್ಲಿ ಹಲವು ಕಟ್ಟಡಗಳನ್ನು ರೂಪಿಸಿದರು. ಬಿಸಿಲು, ಗಾಳಿ, ಮಳೆಗಳ ಸ್ಥಳೀಯ ಲಕ್ಷಣವನ್ನು ಅರಿತು ಕಟ್ಟುವ ಅವರ ಕ್ರಮ ರೂಪುಗೊಂಡದ್ದು ಈ ನೆಲದಲ್ಲಿಯೇ. ಸ್ವಾತಂತ್ರ್ಯಾನಂತರ 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ತೆರಳಿದ ಅವರ ಮುಂದೆ ದೇಶವಿಭಜನೆಯಿಂದ ನೆಲೆ ಕಳೆದುಕೊಂಡ ಲಕ್ಷಾಂತರ ಜನರ ವಸತಿಯ ಸಮಸ್ಯೆಯಿತ್ತು. ಗೋಡೆಯ ಹಲಗೆಗಳನ್ನು ಕಾರ್ಖಾನೆಯಲ್ಲಿ ಎರಕಹೊಯ್ದು ಶೀಘ್ರವಾಗಿ ಮನೆ ಕಟ್ಟುವ ಯೋಜನೆ ಆಗ ಸಿದ್ಧವಾಯಿತು. ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆ ತಲೆಯೆತ್ತಿತು.

ಆ ಪ್ರಯತ್ನ ನಿರೀಕ್ಷಿತ ಫಲ ನೀಡಲಿಲ್ಲ. ಹಲಗೆಗಳ ಗುಣಮಟ್ಟದ ತೊಡಕುಗಳಿಂದ ಉತ್ಪಾದನೆ ಕುಂಠಿತವಾಯಿತು, ಯೋಜನೆ ಸಾರ್ವಜನಿಕ ಟೀಕೆಗೆ ಗುರಿಯಾಯಿತು. ಕ್ಯೋನಿಗ್ಸ್‌ಬರ್ಗರ್ 1951ರಲ್ಲಿ ಭಾರತವನ್ನು ಬಿಟ್ಟು ಲಂಡನ್ ಸೇರಿದರು. ಕಾರ್ಖಾನೆ ಮುಂದೆ ಬೇರೆ ಉತ್ಪನ್ನಗಳತ್ತ ತಿರುಗಿ ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಹೆಸರಿನಿಂದ ಮುಂದುವರಿಯಿತು. ಕೂಲಿ ಅಗ್ಗವಾಗಿದ್ದು ಯಂತ್ರ ಹಾಗೂ ಸಾಗಣೆ ದುಬಾರಿಯಾಗಿದ್ದ ದೇಶದಲ್ಲಿ, ಕೂಲಿ ದುಬಾರಿಯಾದ ದೇಶಗಳ ಲೆಕ್ಕಾಚಾರ ಹೊಂದಲಾರದು ಎಂಬುದು ಈ ಪ್ರಸಂಗದಿಂದ ಹೊರಡುವ ತಿಳಿವಳಿಕೆ. ಮುಂದೆ ಉಷ್ಣವಲಯದ ವಾಸ್ತುಶಾಸ್ತ್ರದ ಅಧ್ಯಾಪಕರಾಗಿ, ವಿಶ್ವಸಂಸ್ಥೆಯ ಸಲಹೆಗಾರರಾಗಿ ಕ್ಯೋನಿಗ್ಸ್‌ಬರ್ಗರ್ ಪ್ರತಿಪಾದಿಸಿದ್ದು ಸಿದ್ಧಮನೆಯ ಕಾರ್ಖಾನೆಯನ್ನಲ್ಲ. ಲಭ್ಯ ಸಂಪನ್ಮೂಲಗಳಿಂದ ಹಂತಹಂತವಾಗಿ ಮುಂದುವರಿಯುವ ಕ್ರಿಯಾಯೋಜನೆಯನ್ನು.

ಈ ಹಂತಹಂತದ ತತ್ತ್ವಕ್ಕೆ ವಿನ್ಯಾಸದ ರೂಪ ದೊರೆತ ಎರಡು ಭಾರತೀಯ ನಿದರ್ಶನಗಳು 1980ರ ದಶಕಕ್ಕೆ ಸೇರಿದವು. ನವಿ ಮುಂಬಯಿಯ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಏಳು ಮನೆಗಳನ್ನು ಒಂದು ಅಂಗಳದ ಸುತ್ತ ಕೂಡಿಸಿ, ಅಂತಹ ಗುಂಪುಗಳನ್ನು ಇನ್ನೂ ದೊಡ್ಡ ಅಂಗಳದ ಸುತ್ತ ಜೋಡಿಸಿದರು. ನೆರೆಮನೆಯೊಂದಿಗೆ ಗೋಡೆಯನ್ನು ಹಂಚಿಕೊಳ್ಳದಂತೆ ಪ್ರತಿ ಮನೆಯನ್ನು ಪ್ರತ್ಯೇಕವಾಗಿರಿಸಿದ್ದರಿಂದ ಒಬ್ಬರು ಮನೆ ಬೆಳೆಸಲು ಇನ್ನೊಬ್ಬರ ಅನುಮತಿ ಬೇಕಿರಲಿಲ್ಲ. ಇಂದೋರಿನ ಹೊರವಲಯದಲ್ಲಿ ಬಾಲಕೃಷ್ಣ ದೋಶಿ ಅವರ ನೇತೃತ್ವದಲ್ಲಿ ರೂಪುಗೊಂಡ 'ಅರಣ್ಯ' ಬಡಾವಣೆಯಲ್ಲಿ ಸುಮಾರು 6,500 ನಿವೇಶನಗಳಿದ್ದವು. ಅತಿ ಕಿರಿಯದರ ಅಳತೆ 35 ಚದರ ಮೀಟರ್. ಬಡಕುಟುಂಬಗಳಿಗೆ ದೊರೆತದ್ದು ಪೂರ್ಣ ಮನೆಯಲ್ಲ. ಜಗುಲಿಯ ಪಾಯ, ಶೌಚಾಲಯ, ನೀರು, ಚರಂಡಿಗಳ ಸಂಪರ್ಕ. ಉಳಿದುದನ್ನು ತಮ್ಮ ಶಕ್ತಿಗೆ ತಕ್ಕಂತೆ ಅವರೇ ಕಟ್ಟಿಕೊಳ್ಳಬೇಕಿತ್ತು. ದಾರಿ ತೋರಲೆಂದು ಎಂಬತ್ತು ಮಾದರಿ ಮನೆಗಳನ್ನು ಮಾತ್ರ ನಿರ್ಮಿಸಲಾಯಿತು. ಈ ಯೋಜನೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು.

ಅರಣ್ಯದಲ್ಲಿಯೂ ಪುನರಾವರ್ತನೆಗೊಳ್ಳುವ ಘಟಕವಿದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆದರೆ ಆ ಘಟಕ ಮುಚ್ಚಿದ ಪೆಟ್ಟಿಗೆಯಲ್ಲ. ಒಬ್ಬಂಟಿ ಕುಟುಂಬ ತನ್ನ ಕೈಯಾರೆ ಮಾಡಿಕೊಳ್ಳಲಾಗದ ನೀರು, ಚರಂಡಿ, ಹಕ್ಕುಪತ್ರಗಳನ್ನು ಮಾತ್ರ ಅದು ಪ್ರಮಾಣೀಕರಿಸುತ್ತದೆ. ಮಾಡಿಕೊಳ್ಳಬಲ್ಲ ಗೋಡೆ, ಮೆಟ್ಟಿಲು, ಬಣ್ಣಗಳನ್ನು ಬಿಟ್ಟುಕೊಡುತ್ತದೆ. ನಕಗಿನ್ ಇದಕ್ಕೆ ತದ್ವಿರುದ್ಧ. ಅಲ್ಲಿ ಮಂಚದ ಜಾಗವೂ ನಿಗದಿಯಾಗಿತ್ತು. ಕೊಳವೆಯ ದುರಸ್ತಿ ಮಾತ್ರ ಯಾರ ಹೊಣೆಯೂ ಆಗಿರಲಿಲ್ಲ.

6

ಹೀಗೆಂದು ಅರಣ್ಯವನ್ನು ಎಲ್ಲ ಪ್ರಶ್ನೆಗಳಿಗೂ ಉತ್ತರವೆಂದು ಭಾವಿಸುವುದು ಸರಿಯಲ್ಲ. ಮೂಲ ಹಂಚಿಕೆದಾರರಲ್ಲಿ ಅನೇಕರು ನಿವೇಶನಗಳನ್ನು ಮಾರಿ ಹೊರನಡೆದುದನ್ನು ಅನಂತರದ ಅಧ್ಯಯನಗಳು ಗುರುತಿಸಿವೆ. ನಗರದ ಅಂಚಿನಲ್ಲಿ ವಿಶಾಲವಾದ ಸಾರ್ವಜನಿಕ ಭೂಮಿ ದೊರೆಯುವಲ್ಲಿ ಮಾತ್ರ ಅಂತಹ ಬಡಾವಣೆ ಸಾಧ್ಯ. ನಗರದ ಒಡಲಲ್ಲಿ ದುಡಿದು ಅಲ್ಲಿಯೇ ಮಲಗಬೇಕಾದ ಒಂಟಿ ವಲಸೆಗಾರನಿಗೆ ನಿವೇಶನ ಬೇಕಿಲ್ಲ, ಬಾಡಿಗೆಯ ಕೋಣೆ ಬೇಕು. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ಈ ಅಗತ್ಯವನ್ನು ಅಧಿಕೃತವಾಗಿ ಒಪ್ಪಿಕೊಂಡಿತು. 2021ರ ಜನವರಿಯಲ್ಲಿ ಆರು ನಗರಗಳಲ್ಲಿ ಆರಂಭವಾದ ಮಾದರಿ ವಸತಿ ಯೋಜನೆಗಳಲ್ಲಿ ರಾಂಚಿಯ 1,008 ಮನೆಗಳಿಗೆ ಇಡೀ ಕೋಣೆಗಳನ್ನೇ ಕಾಂಕ್ರೀಟಿನಲ್ಲಿ ಎರಕಹೊಯ್ದು ಜೋಡಿಸುವ ಕ್ರಮವನ್ನು ಆರಿಸಲಾಯಿತು. ದೆಹಲಿಯ ಕಾರ್ಖಾನೆಯ ಏಳು ದಶಕಗಳ ಅನಂತರ ಅದೇ ಆಸೆ ಮತ್ತೊಮ್ಮೆ, ಉತ್ತಮ ತಂತ್ರಜ್ಞಾನದೊಂದಿಗೆ, ಮರಳಿ ಬಂದಂತಾಯಿತು.

ಬಹುಮಹಡಿಯ ಕಿರುವಸತಿಗೆ ಬೆಳೆಯುವ ಮನೆಯ ತತ್ತ್ವವನ್ನು ಅನ್ವಯಿಸುವುದು ಸುಲಭವಲ್ಲ, ಅಸಾಧ್ಯವೂ ಅಲ್ಲ. ಕೊಳವೆ ಹಾಗೂ ತಂತಿಗಳನ್ನು ಗೋಡೆಯೊಳಗೆ ಹುದುಗಿಸದೆ ಹೊರಗಿನಿಂದಲೇ ದುರಸ್ತಿ ಮಾಡುವಂತಿರಿಸುವುದು, ಪಕ್ಕದ ಎರಡು ಘಟಕಗಳನ್ನು ಮುಂದೊಮ್ಮೆ ಒಂದಾಗಿಸಲು ನಡುಗೋಡೆಯಲ್ಲಿ ಮೊದಲೇ ಎಡೆ ಕಲ್ಪಿಸುವುದು, ಒಂದು ಘಟಕವನ್ನು ಇನ್ನೊಂದರ ಹಂಗಿಲ್ಲದೆ ತೆರೆಯುವಂತಾಗಿಸುವುದು ಇವೆಲ್ಲ ವಿನ್ಯಾಸಕಾರನ ಅಳವಿನಲ್ಲಿರುವ ಸಂಗತಿಗಳು. ಹೊರಗಿನ ಹಂಚಿಕೆಯ ಜಾಗದ ವಿಚಾರದಲ್ಲಿ ಬೆಂಗಳೂರು, ಮೈಸೂರುಗಳ ಹಳೆಯ ವಠಾರಗಳೂ ಪರಿಶೀಲನೆಗೆ ಅರ್ಹ. ಒಂದೋ ಎರಡೋ ಕೋಣೆಗಳ ಸಾಲುಮನೆಗಳ ನಡುವಿನ ಅಂಗಳ, ಒಂದೇ ಬಾವಿ ಅಥವಾ ನಲ್ಲಿ, ಒಬ್ಬನೇ ಒಡೆಯ ಎಂಬುದು ವಠಾರದ ಕಟ್ಟು. ಅದನ್ನು ಆದರ್ಶವೆಂದು ಹಾಡಿ ಹೊಗಳುವಂತಿಲ್ಲ. ಶೌಚಾಲಯದ ಮುಂದಿನ ಸರದಿ, ಮರೆಯಿಲ್ಲದ ಬದುಕು, ಜಾತಿ ನೋಡಿ ಬಾಡಿಗೆ ಕೊಡುವ ರೂಢಿ ಇವೂ ಅದರ ಭಾಗವೇ ಆಗಿದ್ದವು. ಆದರೆ ಕಿರಿದಾದ ಕೋಣೆಯಲ್ಲಿ ಸಂಸಾರ ಹೂಡಲು ಸಾಧ್ಯವಾದದ್ದು ಅಂಗಳವಿದ್ದುದರಿಂದ. ಹಪ್ಪಳ ಒಣಗಿಸುವುದು, ಮಕ್ಕಳ ಆಟ, ಮುದುಕರ ಹರಟೆ, ಮದುವೆಯ ಚಪ್ಪರ ಎಲ್ಲವೂ ಅಲ್ಲಿಯೇ ನಡೆಯುತ್ತಿದ್ದವು. ಇಂದಿನ ಕಿರುವಸತಿಯಲ್ಲಿ ಅಂಗಳದ ಜಾಗವನ್ನು ಇಕ್ಕಟ್ಟಾದ ಕಾರಿಡಾರ್ ಆಕ್ರಮಿಸಿದರೆ ಅಳತೆಯ ಕೊರತೆ ಎರಡುಪಟ್ಟಾಗುತ್ತದೆ.

ಈ ಎಲ್ಲ ನಿದರ್ಶನಗಳ ಹಿನ್ನೆಲೆಯಲ್ಲಿ ಕಿರುವಸತಿಯ ಯಾವುದೇ ವಿನ್ಯಾಸವನ್ನು ಮೂರು ಮಾನದಂಡಗಳಿಂದ ಅಳೆಯುವುದು ಉಚಿತವೆನಿಸುತ್ತದೆ. ಒಂದು ಘಟಕ ಕೆಟ್ಟಾಗ ಉಳಿದವುಗಳನ್ನು ಅಲುಗಿಸದೆ ಅದನ್ನು ಸರಿಪಡಿಸಬಹುದೇ? ಅದಕ್ಕೆ ಬೇಕಾದ ಹಣ ಹಾಗೂ ಅಧಿಕಾರ ಯಾರಲ್ಲಿವೆ ಎಂಬುದು ಮೊದಲೇ ನಿರ್ಧಾರವಾಗಿದೆಯೇ? ಕಿರಿದಾಗಿಸಿದ್ದರಿಂದ ಆದ ಉಳಿತಾಯ ವಾಸಿಸುವವನಿಗೇ ತಲುಪುವಂತೆ ನೆಲದ ಮೇಲೆ ಷರತ್ತು ಇದೆಯೇ? ನಕಗಿನ್ ಗೋಪುರ ಮೂರರಲ್ಲಿಯೂ ಸೋತಿತು. ಕಾರ್ಮೆಲ್ ಪ್ಲೇಸ್ ಮೂರನೆಯದರಲ್ಲಿ 22 ಮನೆಗಳ ಮಟ್ಟಿಗೆ ಗೆದ್ದಿತು. ಅರಣ್ಯ ಮೊದಲಿನ ಎರಡರಲ್ಲಿ ಗೆದ್ದು, ಮೂರನೆಯದರಲ್ಲಿ ಮಾರುಕಟ್ಟೆಯ ಒತ್ತಡಕ್ಕೆ ಭಾಗಶಃ ಮಣಿಯಿತು. ರಾಂಚಿಯ ಮನೆಗಳನ್ನೂ ಇನ್ನು ಮುಂದೆ ಕರ್ನಾಟಕದ ನಗರಗಳಲ್ಲಿ ತಲೆಯೆತ್ತಲಿರುವ ಅಂತಹ ವಸತಿಗಳನ್ನೂ ಕುರಿತ ಅಧ್ಯಯನಗಳು, ಅವು ಎಷ್ಟು ತಿಂಗಳಲ್ಲಿ ಜೋಡಣೆಯಾದವು ಎಂಬುದನ್ನು ದಾಖಲಿಸಿದಷ್ಟೇ ಶ್ರದ್ಧೆಯಿಂದ, ಇಪ್ಪತ್ತೈದನೆಯ ವರ್ಷದಲ್ಲಿ ಅವುಗಳ ಕೊಳವೆಗಳನ್ನು ಯಾರು ಬದಲಿಸಿದರು ಎಂಬುದನ್ನೂ ದಾಖಲಿಸಬೇಕಾಗಿದೆ.